ತಂತಿಯಿಲ್ಲದ ಕಂಬದ ಕೆಳಗೆ ನನ್ನ ಉಪನ್ಯಾಸ

ಮಾತಿನಲ್ಲಿ ನನ್ನನ್ನು ಮೀರಿಸುವವರು ಇಡೀ ರಾಜಾಜಿನಗರದಲ್ಲೇ ಇಲ್ಲ ಎಂದು ನಾನು ನಂಬಿದ್ದ ಕಾಲ ಅದು. ಹಾಗೆ ನೋಡಿದರೆ ಆಗ ರಾಜಾಜಿನಗರದಲ್ಲಿ ಜನರೇ ಹೆಚ್ಚಿರಲಿಲ್ಲ. ಹೊಸ ಬಡಾವಣೆ. ಒಂದು ಮನೆ, ಆಮೇಲೆ ಒಂದಷ್ಟು ಖಾಲಿ ಸೈಟು, ಅದರಲ್ಲಿ ಎಮ್ಮೆ, ಮತ್ತೆ ಒಂದು ಮನೆ. ಆದರೂ ನನ್ನ ನಂಬಿಕೆಗೆ ಆಧಾರವಿತ್ತು ಸ್ವಾಮಿ. ಹೈಸ್ಕೂಲಿನಲ್ಲಿ ಖಡ್ಗ ಮೇಲೋ ಲೇಖನಿ ಮೇಲೋ ಎಂಬ ಚರ್ಚಾಸ್ಪರ್ಧೆಯಲ್ಲಿ ಹಿತ್ತಾಳೆ ಲೋಟ ಗೆದ್ದವನು ನಾನು. ಲೇಖನಿಯ ಪರವಾಗಿ ಮಾತಾಡಿದ್ದೆ. ತೀರ್ಪುಗಾರರು ಲೋಟ ಕೊಡುತ್ತಾ, "ಖಡ್ಗದ ಪರ ಬಹಳ ಚೆನ್ನಾಗಿ ಮಾತಾಡಿದೆ ಕಣೋ" ಎಂದರು. ಆಗಲೇ ನನಗೆ ಅನುಮಾನ ಬರಬೇಕಾಗಿತ್ತು. ಬರಲಿಲ್ಲ!

ನಾನು ಆಗ ಎಲೆಕ್ಟ್ರಿಕಲ್ ಇಂಜಿನಿಯರಿಂಗಿನಲ್ಲಿ ಸಂಶೋಧನೆ ಮಾಡುತ್ತಿದ್ದ ವಿದ್ಯಾರ್ಥಿ. ನನ್ನ ವಿಷಯ ಇಷ್ಟೇ. ವಿದ್ಯುತ್ ಕಂಬದ ಮೇಲೆ ತಂತಿ ಕೂರಿಸುವುದಕ್ಕೆ ಬಿಳಿಯ ಪಿಂಗಾಣಿ ಬಟ್ಟಲುಗಳಿರುತ್ತವಲ್ಲ, ಇನ್ಸುಲೇಟರ್ ಎನ್ನುತ್ತಾರೆ, ಅವುಗಳ ಮೇಲೆ ಧೂಳು ಕೂತು, ಆ ಧೂಳು ಒದ್ದೆಯಾದರೆ ಕರೆಂಟು ಸ್ವಲ್ಪಸ್ವಲ್ಪವೇ ಸೋರುತ್ತದೆ. ಎಷ್ಟು ಸೋರುತ್ತದೆ ಎಂದು ಅಳೆಯುವುದು. ಈಗ ನೋಡಿ, ಒಂದೇ ಉಸಿರಿಗೆ ಹೇಳಿಬಿಟ್ಟೆ. ಆಗ ಇದನ್ನೇ ಹೇಳಲು ನನಗೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಅಷ್ಟಾದರೂ ಧೂಳಿನವರೆಗೆ ಬಂದಿರುತ್ತಿರಲಿಲ್ಲ.

ನನ್ನ ಸೆಮಿನಾರು ಮುಗಿದ ದಿನ ಸಭಾಂಗಣದಲ್ಲಿ ಎಚ್ಚರವಾಗಿದ್ದವರು ಇಬ್ಬರೇ. ನಾನು ಮತ್ತು ನನ್ನ ಪ್ರೊಫೆಸರು ಸದಾಶಿವಯ್ಯನವರು. ಅವರು ವಿಲಾಯಿತಿಯಲ್ಲಿ ಓದಿ ಬಂದವರು. ವಿಜ್ಞಾನ ಓದಿದವನಿಗೆ ಮಾತು ಬರಲೇಬೇಕೆಂದು ಹಟ ತೊಟ್ಟು, ಶನಿವಾರ ಶನಿವಾರ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಮಾತಾಡುವುದನ್ನು ಕಲಿಸುತ್ತಿದ್ದರು. ಅಂದು ನನ್ನನ್ನು ಕೋಣೆಗೆ ಕರೆದರು.

"ನೋಡಿ ಪುಟ್ಟಸ್ವಾಮಿ, ನಿಮ್ಮ ಎಕ್ಸ್‌ಪೆರಿಮೆಂಟು ಸರಿಯಾಗಿದೆ. ಲೆಕ್ಕ ಸರಿಯಾಗಿದೆ. ಆದ್ರೆ ನೀವು ಏನು ಮಾಡಿದೀರಿ ಅನ್ನೋದು ನಿಮಗೊಬ್ಬರಿಗೇ ಗೊತ್ತು. ಅದನ್ನ ವಿಜ್ಞಾನ ಅನ್ನಲ್ಲ ಕಣ್ರೀ, ಗುಟ್ಟು ಅಂತಾರೆ!"

"ಇನ್ನೊಂದು ಸಲ ಹೇಳ್ತೀನಿ ಸಾರ್."

"ನನಗೆ ಬೇಡಪ್ಪಾ! ನಿಮ್ಮ ಬೀದಿಯ ಜನಕ್ಕೆ ಹೇಳಿ. ಕನ್ನಡದಲ್ಲಿ ಹೇಳಿ. ನಾನು ಬಂದು ಹಿಂದೆ ಕೂತ್ಕೋತೀನಿ. ಅವರಿಗೆ ಅರ್ಥ ಆಯ್ತು ಅಂದ್ರೆ ಮಾರನೇ ದಿನವೇ ನಿಮ್ಮ ಥೀಸಿಸ್‌ಗೆ ಸೈನ್ ಹಾಕ್ತೀನಿ. ಆಗಲಿಲ್ಲ ಅಂದ್ರೆ ಇನ್ನೊಂದು ವರ್ಷ ಇಲ್ಲೇ ಇದ್ದು ಮಾತಾಡೋದು ಕಲೀರಿ."

ಇನ್ನೊಂದು ವರ್ಷ! ಜೂನಿನಲ್ಲಿ ಒಂದು ಇಂಜಿನಿಯರಿಂಗ್ ಕಾಲೇಜಿನವರು ನನಗೆ ಲೆಕ್ಚರರ್ ಕೆಲಸ ಕೊಡುವುದಾಗಿ ಹೇಳಿದ್ದರು, ಥೀಸಿಸ್ ಮುಗಿದಿದ್ದರೆ ಮಾತ್ರ. ಅದಕ್ಕಿಂತ ದೊಡ್ಡ ಕಾರಣ ನನ್ನ ಮಾವ. ನನ್ನ ಹೆಂಡತಿ ಜಯಮ್ಮನ ತಂದೆ ನಂಜೇಗೌಡರು ಕೆಂಗೇರಿಯಲ್ಲಿ ಹೊಲ ತೋಟ ಮಾಡಿಸುವವರು. ಓದಿದ ಹುಡುಗ ಎಂದು ನನಗೆ ಮಗಳನ್ನು ಕೊಟ್ಟರೇ ಹೊರತು, ಓದುತ್ತಲೇ ಇರುವ ಹುಡುಗ ಎಂದು ಕೊಟ್ಟಿರಲಿಲ್ಲ. ಬಂದಾಗಲೆಲ್ಲ ಅವರೆಕಾಯಿ ಮೂಟೆ ಇಳಿಸಿ, ಟವಲಿನಿಂದ ಮುಖ ಒರೆಸಿಕೊಂಡು ಕೇಳುವುದು ಒಂದೇ ಪ್ರಶ್ನೆ.

"ಅಳಿಯಂದ್ರೇ, ಓದು ಮುಗೀತಾ?"

"ಇನ್ನೇನು ಮಾವ, ಮುಗೀತು."

"ಹೋದ ಸಲಾನೂ ಹಂಗೇ ಅಂದ್ರಿ. ನಿಮ್ಮ ವಾರಿಗೆಯೋರ ಮಕ್ಕಳು ಸ್ಕೂಲಿಗೆ ಹೋಗ್ತಾವ್ರೆ. ನೀವೂ ಹೋಗ್ತಾ ಇದೀರಿ."

ಈ ಮಾತು ಬಂದರೆ ಜಯಮ್ಮ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಆದರೆ ಕ್ರಮೇಣ ತವರಿಗೆ ಹೋಗುವುದನ್ನೇ ಬಿಟ್ಟುಬಿಟ್ಟಳು. ಅಲ್ಲಿ ಹೋದರೆ ಅತ್ತಿಗೆಯರು, ಚಿಕ್ಕಮ್ಮಂದಿರು ಎಲ್ಲರೂ ಇದನ್ನೇ ಕೇಳುತ್ತಾರಲ್ಲ! ಅವಳು ಬಾಯಿಬಿಟ್ಟು ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಹಾಗಾಗಿ ನಾನು ಸೊಂಟ ಕಟ್ಟಿ ನಿಂತೆ. ಬೀದಿಯ ಜನಕ್ಕೆ ಅರ್ಥ ಮಾಡಿಸುವುದು ಏನು ಮಹಾ? ಮೊದಲು ಮನೆಯಲ್ಲಿ ತಾಲೀಮು. ಅಕ್ಕಿ ಆರಿಸುತ್ತಾ ಕೂತಿದ್ದ ಜಯಮ್ಮನ ಮುಂದೆ ನಿಂತು ಇಡೀ ಭಾಷಣ ಹೇಳಿದೆ. ಮುಗಿದ ಮೇಲೆ ಕೇಳಿದೆ.

"ಹೇಗಿತ್ತೇ?"

"ಚೆನ್ನಾಗಿತ್ತು ರೀ."

"ಅರ್ಥ ಆಯ್ತಾ?"

"ಆಯ್ತು ರೀ. ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ಬೆಳಕಿಗೆ ಅಡ್ಡ ಬರ್ತಿದೀರಿ."

ಮೊದಲ ಜಯ! ಆಮೇಲೆ ಸಂಜೆ ಸಂಜೆ ಅಕ್ಕಪಕ್ಕದವರನ್ನು ಕರೆದು ಕೂರಿಸಿದೆ. ಉಪ್ಪಿಟ್ಟು ಕಾಫಿ ಕೊಟ್ಟು, ಭಾಷಣ ಹೇಳಿ, ಅಭಿಪ್ರಾಯ ಕೇಳಿದೆ. ಎಲ್ಲರೂ "ಬಹಳ ಚೆನ್ನಾಗಿದೆ ಸಾರ್, ತುಂಬಾ ತಿಳ್ಕೊಂಡಂಗಾಯ್ತು" ಎಂದರು. ನಾನು ನಂಬಿದೆ. ನಮ್ಮ ಕಡೆ ಒಂದು ಮನೆಯ ಉಪ್ಪಿಟ್ಟು ಬಾಯಲ್ಲಿರುವಾಗ ಆ ಮನೆಯವನಿಗೆ "ನೀನು ಹೇಳಿದ್ದು ಒಂದಕ್ಷರವೂ ಗೊತ್ತಾಗಲಿಲ್ಲ" ಎಂದು ಹೇಳುವ ಗಂಡು ಇನ್ನೂ ಹುಟ್ಟಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ನಾನೇ ಬೇರೆಯವರ ಮನೆಯಲ್ಲಿ ಉಪ್ಪಿಲ್ಲದ ಹುಳಿಯನ್ನು ಎರಡೆರಡು ಸಲ ಬಡಿಸಿಕೊಂಡು ಹೊಗಳಿ ಬಂದವನು! ಆದರೂ ಹೊಳೆಯಲಿಲ್ಲ. ಗ್ರಹಚಾರ ಕೆಟ್ಟಾಗ ಬುದ್ಧಿ ಮೊದಲು ಕೈಕೊಡುತ್ತದೆ.

ಅಂಥ ಒಂದು ಸಂಜೆ ಬಂದವರಲ್ಲಿ ಶೇಷಗಿರಿರಾಯರೂ ಇದ್ದರು. ನಿವೃತ್ತ ಪೋಸ್ಟ್ ಮಾಸ್ಟರು, ನಮ್ಮ ಬಡಾವಣೆಯ ಸಂಘದ ಅಧ್ಯಕ್ಷರು. ಅವರು ಭಾಷಣವನ್ನು ಕಣ್ಣುಮುಚ್ಚಿ ಕೇಳಿ, ಕೊನೆಗೆ ಕಣ್ಣು ತೆರೆದು, "ಅಂದ್ರೆ ಇದು ಕಂಬದ ವಿಷಯ ತಾನೆ?" ಎಂದರು.

"ಹೌದು ರಾಯರೇ, ಪೂರ್ತಿ ಕಂಬದ ಮೇಲಿನ ವಿಷಯವೇ."

"ನಿಮ್ಮ ದೊಡ್ಡ ಪ್ರೊಫೆಸರೂ ಬರ್ತಾರಾ?"

"ಖುದ್ದಾಗಿ ಬರ್ತಾರೆ. ಅವರು ಒಪ್ಪಿದ್ರೆ ಮಾರನೇ ದಿನವೇ ಸೈನ್ ಹಾಕ್ತಾರೆ."

ರಾಯರು ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು. "ಪುಟ್ಟಸ್ವಾಮಿ, ಸಭೆ ಏರ್ಪಾಡು ನನಗೆ ಬಿಡಿ" ಎಂದರು. ವಿಜ್ಞಾನದ ಮೇಲೆ ಇಷ್ಟು ಪ್ರೀತಿಯೇ ಎಂದು ನನಗೂ ಕಣ್ಣು ತುಂಬಿ ಬಂತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಬೀದಿಯಲ್ಲಿ ವಿದ್ಯುತ್ ಕಂಬಗಳಿದ್ದವು. ತಂತಿ ಇರಲಿಲ್ಲ. ವರ್ಷದ ಹಿಂದೆ ಯಾರೋ ಬಂದು ಕಂಬ ನೆಟ್ಟು ಹೋದವರು ಮತ್ತೆ ಈ ಕಡೆ ತಲೆಹಾಕಿರಲಿಲ್ಲ. ಆ ಕಂಬಗಳಿಗೆ ಹಗ್ಗ ಕಟ್ಟಿ ಹೆಂಗಸರು ಸೀರೆ ಒಣಗಿಸುತ್ತಿದ್ದರು, ಎಮ್ಮೆಗಳು ಬೆನ್ನು ಉಜ್ಜಿಕೊಳ್ಳುತ್ತಿದ್ದವು. ಮನೆಮನೆಯಲ್ಲೂ ಲಾಟೀನು. ರಾಯರು ಕಚೇರಿಯಿಂದ ಕಚೇರಿಗೆ ತಿರುಗಿ ಚಪ್ಪಲಿ ಸವೆಸಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡನ್ನೂ ಜೋಡಿಸಿ ನೋಡದ ನನಗೆ ಡಾಕ್ಟರೇಟ್ ಬೇರೆ ಬೇಕಿತ್ತು!

ಸಭೆಯ ದಿನ ಸಂಜೆ ಹೋಗಿ ನೋಡುತ್ತೇನೆ, ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಕಂಬಕ್ಕೆ ಆತುಕೊಂಡೇ ಚಪ್ಪರ! ಕಂಬಕ್ಕೆ ಮಾವಿನ ತೋರಣ, ಅರಿಶಿನ ಕುಂಕುಮ. ಜನವೋ ಜನ. ನಮ್ಮ ಬೀದಿಯವರು, ಪಕ್ಕದ ಬೀದಿಯವರು, ಕಾರ್ಖಾನೆಯಿಂದ ಷಿಫ್ಟ್ ಮುಗಿಸಿ ಬಂದವರು, ಹತ್ತಿರದ ಹಳ್ಳಿಯಿಂದ ನಮಗೆಲ್ಲ ಹಾಲು ಹಾಕುವ ತಿಮ್ಮಕ್ಕ, ಕೆಂಗೇರಿಯಿಂದ ಬಸ್ಸು ಹತ್ತಿ ಬಂದ ನನ್ನ ಮಾವ. ಜಯಮ್ಮ ರೇಷ್ಮೆ ಸೀರೆ ಉಟ್ಟು ಮುಂದೆ ಕೂತಿದ್ದಳು. ಪ್ರೊಫೆಸರು ಕಾರಿನಿಂದ ಇಳಿದವರು ಬೆರಗಾಗಿ ನಿಂತುಬಿಟ್ಟರು.

"ಇಷ್ಟೊಂದು ಜನಾನಾ ಪುಟ್ಟಸ್ವಾಮಿ! ಇನ್ಸುಲೇಟರ್ ಬಗ್ಗೆ ಕೇಳೋಕಾ!"

"ನಮ್ಮ ಬೀದಿಯವರಿಗೆ ವಿಜ್ಞಾನ ಅಂದ್ರೆ ಪ್ರಾಣ ಸಾರ್" ಎಂದೆ, ಅತ್ಯಂತ ವಿನಯದಿಂದ.

ರಾಯರು ಸ್ವಾಗತ ಭಾಷಣದಲ್ಲಿ ನನ್ನನ್ನು ಕತ್ತಲೆ ನೀಗಿಸಲು ಬಂದ ಮಹನೀಯರೆಂದು ಕರೆದರು. ಅಜ್ಞಾನದ ಕತ್ತಲೆ ಇರಬೇಕೆಂದುಕೊಂಡು ಕೈಮುಗಿದೆ. ಬಹಳ ಹೊತ್ತಾದರೂ ಚಪ್ಪಾಳೆ ನಿಲ್ಲಲೇ ಇಲ್ಲ.

ನಾನು ಆರಂಭಿಸಿದೆ. ಕೇಳುವವರಲ್ಲಿ ಒಬ್ಬರ ಮುಖವನ್ನು ಆರಿಸಿಕೊಂಡು ಅವರಿಗೇ ಹೇಳುವಂತೆ ಹೇಳಬೇಕೆಂಬುದು ಪ್ರೊಫೆಸರ ಪಾಠ. ಮೀಸೆಯ ಒಬ್ಬ ಯಜಮಾನನನ್ನು ಆರಿಸಿಕೊಂಡು ಅವನನ್ನೇ ದಿಟ್ಟಿಸುತ್ತಾ ಮಾತಾಡಿದೆ. ಆತ ಮೊದಲು ಅತ್ತಿತ್ತ ನೋಡಿದ. ಅಂಗಿಯ ಗುಂಡಿ ಸರಿಮಾಡಿಕೊಂಡ. ಆಮೇಲೆ ಎದ್ದೇ ಹೋದ. ಇನ್ನೊಬ್ಬನನ್ನು ಆರಿಸಿಕೊಂಡೆ. ಅವನು, "ನಾನೇನ್ ಮಾಡ್ದೆ ಸಾರ್? ನನ್ನೇ ಯಾಕೆ ನೋಡ್ತೀರಾ?" ಎಂದು ಎದ್ದು ನಿಂತ. ಅಲ್ಲಿಗೆ ಆ ಪಾಠ ಕೈಬಿಟ್ಟೆ.

ಎರಡನೆಯ ಪಾಠ, ಬಾಯಲ್ಲಿ ಹೇಳಿದ್ದನ್ನು ಕಣ್ಣಿಗೂ ತೋರಿಸಬೇಕು. ಅದಕ್ಕೆ ಭರ್ಜರಿ ತಯಾರಿ ಮಾಡಿಕೊಂಡಿದ್ದೆ. ಮೇಜಿನ ಮೇಲೆ ಮಣೆ ಇಟ್ಟು, ಮಣೆಯ ಮೇಲೆ ದೊಡ್ಡದೊಂದು ಪಿಂಗಾಣಿ ಬಟ್ಟಲನ್ನು ಬೋರಲಾಗಿ ನಿಲ್ಲಿಸಿದೆ. ಧೂಳಿಗೆ ಬದಲಾಗಿ ಒಲೆಯ ಬೂದಿಯನ್ನು ಅದರ ಮೈಗೆಲ್ಲ ಬಳಿದೆ. ಮಳೆಗೆ ಬದಲಾಗಿ ತಂಬಿಗೆಯಿಂದ ನೀರನ್ನು ಸಣ್ಣ ಧಾರೆಯಾಗಿ ಅದರ ನೆತ್ತಿಯ ಮೇಲೆ ಬಿಟ್ಟೆ.

ಸಭೆ ಗಪ್‌ಚಿಪ್. ಒಬ್ಬರೂ ಕೆಮ್ಮಲಿಲ್ಲ. ನನ್ನ ಜನ್ಮದಲ್ಲಿ ಇಷ್ಟು ಏಕಾಗ್ರತೆಯ ಸಭೆ ನೋಡಿರಲಿಲ್ಲ. ಪ್ರೊಫೆಸರು ಹಿಂದಿನಿಂದ ಮೆಚ್ಚಿ ತಲೆದೂಗುತ್ತಿದ್ದರು. ಅಷ್ಟರಲ್ಲಿ ತಿಮ್ಮಕ್ಕ ಎದ್ದು ಬಂದಳು. ಮುಡಿಯಲ್ಲಿದ್ದ ಹೂವು ತೆಗೆದು ಬಟ್ಟಲಿನ ನೆತ್ತಿಯ ಮೇಲಿಟ್ಟು, ಕೆಳಗೆ ಹರಿದ ನೀರನ್ನು ಕಣ್ಣಿಗೊತ್ತಿಕೊಂಡಳು!

"ತಿಮ್ಮಕ್ಕಾ, ಇದು ಇನ್ಸುಲೇಟರ್ ಕಣಮ್ಮಾ!"

"ಯಾವ ಹೆಸರಾದ್ರೇನಪ್ಪ, ಬೆಳಕು ಕೊಡೋನು ಅವನೇ ತಾನೆ" ಎಂದು ಕೈಮುಗಿದು ನಿಂತಳು. ಅವಳ ಹಿಂದೆ ಸಾಲು! ಜಯಮ್ಮ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

ಅವಸರ ಅವಸರವಾಗಿ ಸೋರಿಕೆ ತೋರಿಸುವ ಯಂತ್ರವನ್ನು ಎತ್ತಿಕೊಂಡೆ. ಮೆಗ್ಗರ್ ಎಂದು ಅದರ ಹೆಸರು. ಮರದ ಪೆಟ್ಟಿಗೆ, ಪಕ್ಕದಲ್ಲಿ ಹಿಡಿ. ಹಿಡಿಯನ್ನು ಗರಗರ ತಿರುಗಿಸಿದರೆ ಪೆಟ್ಟಿಗೆಯ ಮೇಲಿನ ಪುಟ್ಟ ಮುಳ್ಳು ಅಲುಗುತ್ತದೆ. ಆ ಮುಳ್ಳು ನನಗೊಬ್ಬನಿಗೇ ಕಾಣಿಸುತ್ತದೆಂಬುದು ನನಗೆ ಮೊದಲೇ ತೋಚಬೇಡವೇ? ನಾನು ಬೆವರು ಸುರಿಸಿಕೊಂಡು ತಿರುಗಿಸತೊಡಗಿದೆ. ಯಾರೋ ಕೂಗಿದರು, "ಕರೆಂಟ್ ಬರಿಸ್ತಾವ್ರೆ ಕಣ್ರೋ!" ಅಷ್ಟೂ ಜನ ಕತ್ತು ಮೇಲೆತ್ತಿ ಕಂಬದ ತುದಿ ನೋಡತೊಡಗಿದರು. ನಾನು ಇತ್ತ ಮುಳ್ಳನ್ನು ನೋಡಿ ಎಂದು ಅರಚುತ್ತಿದ್ದೇನೆ, ಅವರು ಅತ್ತ ಆಕಾಶ ನೋಡುತ್ತಿದ್ದಾರೆ. ಒಬ್ಬ ಪುಣ್ಯಾತ್ಮ ಪಾಪ ಮುಂದೆ ಬಂದು, "ಸುಸ್ತಾಗಿದೀರಾ ಸಾರ್, ಕೊಡಿ, ನಾನು ಸ್ವಲ್ಪ ತಿರುಗಿಸ್ತೀನಿ" ಎಂದ.

ಹೇಗೋ ಭಾಷಣ ಮುಗಿಸಿದೆ. ಕೊನೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಕೇಳಿದೆ.

"ಎಲ್ಲರಿಗೂ ಅರ್ಥ ಆಯ್ತಾ?"

"ಆಯ್ತೂ!" ಚಪ್ಪರವೇ ಅದುರಿತು. ನಾನು ಗೆದ್ದ ಮುಖ ಮಾಡಿಕೊಂಡು ಪ್ರೊಫೆಸರ ಕಡೆ ನೋಡಿದೆ. ಅವರು ನಗುತ್ತಾ ಎದ್ದು ಬಂದು, ಮುಂದಿನ ಸಾಲಿನ ಒಬ್ಬ ಕಾರ್ಖಾನೆಯ ಹುಡುಗನನ್ನು ಕೇಳಿದರು.

"ಬಹಳ ಸಂತೋಷ. ಏನು ಅರ್ಥ ಆಯ್ತಪ್ಪ, ಹೇಳು."

"ಯುಗಾದಿ ಒಳಗೆ ಲೈಟು ಬರುತ್ತೆ ಅಂತ ಸಾರ್."

ಪ್ರೊಫೆಸರ ನಗು ಅಲ್ಲೇ ನಿಂತಿತು. ಇನ್ನೊಬ್ಬರನ್ನು ಕೇಳಿದರು. "ದಿನಾ ಬಟ್ಟಲಿಗೆ ನೀರು ಹುಯ್ದು ಪೂಜೆ ಮಾಡಿದ್ರೆ ಕರೆಂಟ್ ಹೋಗಲ್ಲ ಅಂತ." ಮತ್ತೊಬ್ಬರು, "ಮನೆಗೊಂದು ತಿರುಗಿಸೋ ಪೆಟ್ಟಿಗೆ ಕೊಡ್ತಾರೆ ಅಂತ." ಉಪ್ಪಿಟ್ಟು ತಿಂದು ಹೊಗಳಿಹೋದ ಪಕ್ಕದ ಮನೆಯವರೂ ಇದ್ದರು. ಅವರನ್ನಾದರೂ ಕೇಳಲಿ ಎಂದು ಬೆರಳು ತೋರಿಸಿದೆ. ಅವರು ಎದ್ದು ನಿಂತು, "ಸಾರ್ ಬಹಳ ಒಳ್ಳೆಯವರು" ಎಂದು ಹೇಳಿ ಕೂತರು.

ನನಗೆ ರೇಗಿಹೋಯಿತು. "ಲೈಟು ಬರುತ್ತೆ ಅಂತ ನಾನು ಯಾವಾಗ ಹೇಳಿದೆ ರೀ? ನಾನು ಹೇಳಿದ್ದು ಕರೆಂಟು ಸೋರೋದರ ಬಗ್ಗೆ!"

ರಾಯರು ನಿಧಾನವಾಗಿ ಎದ್ದರು.

"ಅಂದ್ರೆ, ಲೈಟು ಬರಲ್ವಾ?"

"ಅದು ನನಗೇನ್ ಗೊತ್ತು ರಾಯರೇ!"

"ನಮಗೆ ಬರೋದಕ್ಕೆ ಮೊದಲೇ ಸೋರಿಹೋಯ್ತಾ?"

ಆಹಾ, ಆಗ ಎದ್ದ ಗಲಾಟೆ! "ಯಾರು ಸೋರಿಸಿದ್ದು?" "ನಮ್ಮ ಕರೆಂಟ್ ಎಲ್ಲಿಗೆ ಹೋಯ್ತು?" "ಇವರ ಮನೆಗೆ ಹೋಗ್ತಿರಬೇಕು, ನೋಡ್ರೋ!" ನನ್ನ ಮನೆಯಲ್ಲೂ ಲಾಟೀನೇ ಇರುವುದು ಎಂದು ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಪ್ರೊಫೆಸರು ಕೈ ಎತ್ತಿದರು. ಸಭೆಯನ್ನು ಹತೋಟಿಗೆ ತರುವುದು ಹೇಗೆಂದು ಅವರು ನಮಗೆ ಒಂದು ಶನಿವಾರ ಪೂರ್ತಿ ಪಾಠ ಮಾಡಿದ್ದರು. "ಸುಮ್ನಿರಿ ಪುಟ್ಟಸ್ವಾಮಿ, ನಾನು ತಿಳಿಸಿ ಹೇಳ್ತೀನಿ" ಎಂದು ಮುಂದೆ ಬಂದು, ಸ್ಪಷ್ಟವಾಗಿ, ನಿಧಾನವಾಗಿ, ಸರಳವಾಗಿ ಆರಂಭಿಸಿದರು.

"ಮಹನೀಯರೇ, ಮಹಿಳೆಯರೇ. ಇನ್ಸುಲೇಟರ್ ಅಂದ್ರೆ..."

"ಯಾವಾಗ ಸಾರ್?"

"ಅದನ್ನೇ ಹೇಳ್ತೀನಿ. ಇನ್ಸುಲೇಟರ್..."

"ಯುಗಾದಿಗಾ, ದೀಪಾವಳಿಗಾ?"

"ನೋಡಿ, ವಿಷಯ ಏನು ಅಂದ್ರೆ..."

"ದೊಡ್ಡೋರು ನೀವು, ಒಂದು ಮಾತು ಹೇಳ್ಬಿಡಿ ಸಾರ್!" ತಿಮ್ಮಕ್ಕ ಅವರ ಕಾಲಿಗೇ ಬಿದ್ದಳು. ರಾಯರು ಹಾರ ಹಿಡಿದು ನಿಂತರು. ವಿಲಾಯಿತಿಯ ಸಭೆಗಳನ್ನೆಲ್ಲ ಗೆದ್ದು ಬಂದ ಮಹಾಪಂಡಿತರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕಾರು ಎಷ್ಟು ದೂರವಿದೆ ಎಂದು ನೋಡಿದರು. ಕೊನೆಗೆ ಹಣೆ ಒರೆಸಿಕೊಂಡು, "ಆಯ್ತು, ಆಯ್ತು, ನಾನು ಅವರ ಹತ್ರ ಮಾತಾಡ್ತೀನಿ" ಎಂದುಬಿಟ್ಟರು. ಯಾರ ಹತ್ತಿರ ಎಂದು ಅವರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಜಯಕಾರ ಮುಗಿಲು ಮುಟ್ಟಿತು. ಹಾರ ಕೊರಳಿಗೆ ಬಿತ್ತು. ನನಗೆ ಹಾಕಬೇಕೆಂದು ತಂದಿದ್ದ ಹಾರವನ್ನೂ ಅವರಿಗೇ ಹಾಕಿದರು!

ಕಾರಿನ ಬಳಿಗೆ ನಾನು ತಲೆತಗ್ಗಿಸಿಕೊಂಡು ಹೋದೆ. ಇನ್ನೊಂದು ವರ್ಷ ಖಂಡಿತ. ಜಯಮ್ಮನಿಗೆ ಹೇಗೆ ಮುಖ ತೋರಿಸಲಿ? ಪ್ರೊಫೆಸರು ಹಾರಗಳ ನಡುವಿನಿಂದ ಮುಖ ಹೊರಗೆ ಹಾಕಿ ಹೇಳಿದರು.

"ನಾಳೆ ಬೆಳಿಗ್ಗೆ ಥೀಸಿಸ್ ತನ್ನಿ. ಸೈನ್ ಹಾಕ್ತೀನಿ."

"ಸಾರ್! ಹಾಗಾದ್ರೆ ಜನಕ್ಕೆ ಅರ್ಥ..."

"ಏನ್ರೀ ಅರ್ಥ? ಮಣ್ಣು! ನೀವು ನಮ್ಮಲ್ಲಿ ಇರೋ ತನಕ ಆ ರಾಯರು ನಿಮ್ಮನ್ನ ಕೇಳ್ಕೊಂಡು ದಿನಾ ನನ್ನ ಬಾಗಿಲಿಗೆ ಬರ್ತಾರೆ. ಜೂನ್ ತನಕ ಯಾಕೆ ಕಾಯ್ತೀರಿ? ಆ ಕಾಲೇಜಿನವರು ಒಪ್ಪಿದ್ರೆ ಈಗಲೇ ಹೊರಟುಬಿಡಿ. ನಡೀರಿ, ಬಾಗಿಲು ಹಾಕಿ!"

ಕಾರು ಧೂಳೆಬ್ಬಿಸಿಕೊಂಡು ಓಡಿತು. ನನ್ನ ಸಂಶೋಧನೆಗಲ್ಲ, ನನ್ನ ಕಾಟ ತಪ್ಪಿಸಿಕೊಳ್ಳಲು ಡಾಕ್ಟರೇಟ್! ಇರಲಿ, ಸೈನು ಸೈನೇ ತಾನೆ? ಚಪ್ಪರಕ್ಕೆ ಓಡಿಬಂದೆ. ಜನರೆಲ್ಲ ಕರಗಿದ್ದರು. ಜಯಮ್ಮ ಮತ್ತು ಮಾವ ಮಾತ್ರ ಬೆಂಚಿನ ಮೇಲೆ ಕೂತಿದ್ದರು. ಸುದ್ದಿ ಹೇಳಿದೆ. ಜಯಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡು, ಎಷ್ಟೋ ತಿಂಗಳಿಂದ ನಾನು ಕಂಡಿರದ ನಗೆ ನಕ್ಕಳು. "ಅಪ್ಪಾ, ಕೇಳ್ಸ್ತಾ? ಓದು ಮುಗೀತಂತೆ! ಭಾನುವಾರ ಊರಿಗೆ ಬರ್ತೀನಿ, ಚಿಕ್ಕಮ್ಮಂದಿರಿಗೆಲ್ಲ ಹೇಳು" ಎಂದಳು.

ಮಾವ ಎದ್ದು ಬಂದು ನನ್ನ ಬೆನ್ನು ತಟ್ಟಿದರು.

"ಬಲೇ ಅಳಿಯಂದ್ರೇ! ನೀವು ಮಾತಾಡಿದ್ದು ಮೊದಲಿಂದ ಕೊನೆತನಕ ಕೇಳಿದೆ. ಇಂಥ ಅಳಿಯ ಇಡೀ ಕೆಂಗೇರೀಲಿ ಯಾರಿಗಿದಾನೆ? ಈಗೆಂಗೂ ಓದು ಮುಗೀತಲ್ಲ. ನಮ್ಮ ತೋಟದ ಬಾವಿಗೆ ಕರೆಂಟ್ ಪಂಪು ಯಾವಾಗ ಹಾಕಿಸ್ಕೊಡ್ತೀರಾ?"

ಬಾಯಿ ತೆರೆದೆ. ಕರೆಂಟು ಕೊಡುವವರೇ ಬೇರೆ, ಪಂಪು ಹಾಕುವವರೇ ಬೇರೆ, ನಾನು ಬರೀ ಬಟ್ಟಲಿನ ಧೂಳು ಅಳೆಯುವವನು ಎಂದು ಮೊದಲಿನಿಂದ ವಿವರಿಸಲೇ? ಜಯಮ್ಮ ನನ್ನನ್ನು ಒಂದು ನೋಟ ನೋಡಿದಳು. ಬಾಯಿ ಮುಚ್ಚಿಕೊಂಡು, "ನೋಡೋಣ ಮಾವ" ಎಂದೆ.

ಮಾವ ತಾಲ್ಲೂಕು ಕಚೇರಿಗೆ ಜೀವಮಾನವೆಲ್ಲ ಅಲೆದು ಇದೇ ಮಾತು ಕೇಳಿ ಬಂದವರು. ಟವಲನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡರು.

"ಆಗಕ್ಕಿಲ್ಲ ಅನ್ನಿ. ಅರ್ಥ ಆಯ್ತು, ಬುಡಿ."

ನಾನು ಆಡಿದ ಮಾತು ಒಬ್ಬ ಮನುಷ್ಯನಿಗೆ ನಾನು ಅಂದುಕೊಂಡ ಹಾಗೆಯೇ, ಪೂರ್ತಿಯಾಗಿ ಅರ್ಥವಾದದ್ದು ಅದೇ ಮೊದಲು. ಆದರೆ ಪ್ರೊಫೆಸರು ಆಗಲೇ ಹೊರಟುಹೋಗಿದ್ದರು!